ಹೂವಿನ ಗಡಿಯಾರದ ಸಪ್ತರ್ಷಿಗಳು

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ನಮ್ಮ ಶಾಲೆಯವರು ಮಕ್ಕಳನ್ನು ಬಿಡದಿಯ ವಂಡರ್‌ಲಾಕ್ಕೆ ಕರೆದುಕೊಂಡು ಹೋದರು. ಅದು 2006. ಪಾರ್ಕು ಶುರುವಾಗಿ ಆಗಿನ್ನೂ ಒಂದು ವರ್ಷವಾಗಿತ್ತಷ್ಟೇ. ಕತ್ರಿಗುಪ್ಪೆಯ ನಮ್ಮ ಗಲ್ಲಿಯಲ್ಲಿ ಅದರ ಹೆಸರು ಹೇಳುವಾಗ ಹುಡುಗರ ದನಿ ತಂತಾನೇ ಏರುತ್ತಿತ್ತು. ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಪುಸ್ತಕ ಬೈಂಡಿಂಗ್ ಮಾಡುತ್ತಿದ್ದ ಅಪ್ಪ ಶಾಲೆಯಿಂದ ಬಂದ ಚೀಟಿಯನ್ನು ಎರಡು ಸಲ ಓದಿ, ಮಡಚಿ, ಜೇಬಿಗಿಟ್ಟುಕೊಂಡ. ಅಕ್ಕನಿಗೂ ಅದೇ ತಿಂಗಳು ಫೀಸು ಕಟ್ಟಬೇಕಿತ್ತು. ಚೀಟಿ ಜೇಬಿನಿಂದ ಹೊರಗೆ ಬರಲಿಲ್ಲ. ನಾನೂ ಕೇಳಲಿಲ್ಲ.

ಆ ಭಾನುವಾರ ಅಪ್ಪ ನನ್ನನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋದ. ಸೌತ್ ಎಂಡ್ ಸರ್ಕಲ್‌ನಲ್ಲಿ ಬಸ್ಸಿಳಿದು ನಡೆದು, ಪಶ್ಚಿಮದ ಗೇಟಿನಿಂದ ಒಳಗೆ ಹೋದೆವು. ದಾರಿಯುದ್ದಕ್ಕೂ ನಾನು ಮುಖ ಊದಿಸಿಕೊಂಡೇ ಇದ್ದೆ. ಅಪ್ಪ ಸಮಾಧಾನ ಮಾಡಲು ಹೋಗಲಿಲ್ಲ. ಇಡೀ ತೋಟವನ್ನು ಅಡ್ಡ ಹಾಯ್ದು, ಡಬಲ್ ರೋಡಿನ ಕಡೆಯ ದೊಡ್ಡ ಗೇಟಿನ ಹತ್ತಿರವಿರುವ ಹೂವಿನ ಗಡಿಯಾರದ ಮುಂದೆ ನಿಲ್ಲಿಸಿ, ‘ಎಣಿಸು’ ಅಂದ. ಗಡಿಯಾರದ ಸುತ್ತ ಗಡ್ಡ ಬಿಟ್ಟ ಕುಳ್ಳ ಗೊಂಬೆಗಳಿದ್ದವು. ಎಣಿಸಿದೆ. ಏಳು.

‘ಯಾರು ಹೇಳು?’

ನನಗೆ ಗೊತ್ತಿರಲಿಲ್ಲ.

‘ಸಪ್ತರ್ಷಿಗಳು ಕಣೋ. ಗಡಿಯಾರ ಅಂದ್ರೆ ಕಾಲ. ಕಾಲ ತಿರುಗೋದನ್ನ ಆಕಾಶದಲ್ಲಿ ಕೂತು ನೋಡ್ಕೊಳ್ಳೋರು ಅವರೇ ತಾನೆ? ಅಗೋ ಅಲ್ಲಿ ಹೆಂಗಸು ಇದ್ದಾಳಲ್ಲ, ಅವಳು ಅರುಂಧತಿ.’

ಎಷ್ಟೋ ವರ್ಷ ನಾನು ಅದನ್ನೇ ನಂಬಿದ್ದೆ. ಹೈಸ್ಕೂಲಿನಲ್ಲಿ ಗೆಳೆಯನೊಬ್ಬನ ಮುಂದೆ ಹಾಗೆಂದು ಹೇಳಿ ಅವನು ಬಿದ್ದು ಬಿದ್ದು ನಕ್ಕ ಮೇಲೆಯೇ ಅದು ಸ್ನೋ ವೈಟ್ ಮತ್ತು ಅವಳ ಏಳು ಕುಳ್ಳರು ಎಂದು ತಿಳಿದದ್ದು. ಆಗ ಅಪ್ಪನ ಮೇಲೆ ಬಂದ ಸಿಟ್ಟು ಗೊಂಬೆಗಳ ವಿಷಯಕ್ಕಲ್ಲ. ಆ ಭಾನುವಾರವೇ ಒಂದು ಸುಳ್ಳು, ವಂಡರ್‌ಲಾದ ಬದಲಿಗೆ ಕೈಗಿಟ್ಟ ಅಗ್ಗದ ಸಾಮಾನು ಎನ್ನಿಸಿಬಿಟ್ಟಿತು.

ಈಗ ನಾನು ನಗರದ ಜನ ತಮ್ಮ ಬಿಡುವಿನ ಹೊತ್ತನ್ನು ಎಲ್ಲಿ, ಹೇಗೆ ಕಳೆಯುತ್ತಿದ್ದರು ಎಂಬುದರ ಬಗ್ಗೆ ಪಿಎಚ್‌.ಡಿ. ಮಾಡುತ್ತಿದ್ದೇನೆ. ಆ ಕೆಲಸದ ನಡುವೆ ಅಪ್ಪನ ಆ ಸುಳ್ಳಿನ ಕಡೆಗೆ ಮತ್ತೆ ಮತ್ತೆ ಹೋಗಿದ್ದೇನೆ. ಅದು ಅಷ್ಟೊಂದು ಸುಳ್ಳಾಗಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

* * *

ಥೀಮ್ ಪಾರ್ಕ್ ಎಂಬ ಮಾತಿಗೆ ಇಂದು ನಾವು ಕೊಡುವ ಅರ್ಥ ಹೆಚ್ಚಾಗಿ ಡಿಸ್ನಿಲ್ಯಾಂಡಿನದು. ಅಮೆರಿಕದ ಅನಹೈಮ್‌ನಲ್ಲಿ ಅದು 1955ರ ಜುಲೈ 17ರಂದು ಬಾಗಿಲು ತೆರೆಯಿತು. ಅದರ ಹುಟ್ಟಿನ ಕತೆಯನ್ನು ವಾಲ್ಟ್ ಡಿಸ್ನಿಯೇ ಹೇಳಿಕೊಂಡಿದ್ದಾನೆ. ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿನಲ್ಲಿ ಅವನ ಹೆಣ್ಣುಮಕ್ಕಳು ತಿರುಗುವ ಕುದುರೆಯ ಮೇಲೆ ಕೂತು ಸುತ್ತುತ್ತಿದ್ದರೆ, ಅವನು ಬೆಂಚಿನ ಮೇಲೆ ಕಡಲೆಕಾಯಿ ತಿನ್ನುತ್ತ ಕೂತಿರುತ್ತಿದ್ದ. ದೊಡ್ಡವರೂ ಮಕ್ಕಳೂ ಒಟ್ಟಿಗೆ ಖುಷಿಪಡುವ ಜಾಗವೊಂದು ಇರಬಾರದೇಕೆ ಎಂದು ಅವನಿಗೆ ಹೊಳೆದದ್ದು ಹಾಗೆ ಕಾದು ಕೂತಾಗ. 1951ರಲ್ಲಿ ಅವನು ಕೋಪನ್‌ಹೇಗನ್ನಿನ ಟಿವೊಲಿ ಉದ್ಯಾನಕ್ಕೂ ಹೋಗಿ ಬಂದ. 1843ರಲ್ಲಿ ಶುರುವಾದ ಆ ಉದ್ಯಾನದಲ್ಲಿ ದೀಪ, ಸಂಗೀತ, ಹೂವು, ಆಟ ಎಲ್ಲವೂ ಒಂದೇ ಬೇಲಿಯೊಳಗೆ ಇದ್ದವು. ಡಿಸ್ನಿಲ್ಯಾಂಡ್ ತೆರೆದ ದಿನವೇ ಅಲ್ಲಿದ್ದ ಆಟಗಳಲ್ಲಿ ಸ್ನೋ ವೈಟಳ ಕತೆಯದೂ ಒಂದು.

ಕುಳ್ಳರ ಕತೆಯಂತೂ ಇನ್ನೂ ಹಳೆಯದು. ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ಅದನ್ನು ಅಚ್ಚು ಹಾಕಿಸಿದಾಗ ಆ ಏಳು ಜನಕ್ಕೆ ಹೆಸರೇ ಇರಲಿಲ್ಲ. ಹೆಸರು, ಗಡ್ಡ, ಟೋಪಿ, ಒಬ್ಬೊಬ್ಬರಿಗೂ ಒಂದೊಂದು ಸ್ವಭಾವ ಕೊಟ್ಟು ಅವರನ್ನು ಇಡೀ ಲೋಕಕ್ಕೆ ಗುರುತು ಮಾಡಿಸಿದ್ದು 1937ರ ಡಿಸ್ನಿ ಸಿನಿಮಾ. ಅವರು 1983ರಲ್ಲಿ ಎಚ್‌ಎಂಟಿ ಕೊಟ್ಟ, ಏಳು ಮೀಟರ್ ಅಗಲದ ಗಡಿಯಾರದ ಸುತ್ತ, ಕರ್ನಾಟಕ ಸರ್ಕಾರದ ತೋಟದಲ್ಲಿ ಬಂದು ಕೂತಿದ್ದಾರೆ. ನಮ್ಮ ಸಾರ್ವಜನಿಕ ವಲಯದ ಹೆಮ್ಮೆಯ ಕಾರ್ಖಾನೆಯ ಯಂತ್ರ, ತೋಟಗಾರಿಕೆ ಇಲಾಖೆಯ ಹೂವು, ಹಾಲಿವುಡ್ಡಿನ ಗೊಂಬೆ. ಇದಕ್ಕೆ ಅಪ್ಪನದು ಇನ್ನೊಂದು ಪದರ. ಜರ್ಮನಿಯಿಂದ ಬರುತ್ತ ಬರುತ್ತ ಹೆಸರು ಬದಲಿಸಿಕೊಂಡ ಕತೆ ಕತ್ರಿಗುಪ್ಪೆಯವನ ಬಾಯಲ್ಲಿ ಇನ್ನೊಮ್ಮೆ ಬದಲಾದರೆ ಅದನ್ನು ತಪ್ಪು ಅನ್ನಬೇಕೋ, ಕತೆ ಅನ್ನಬೇಕೋ?

* * *

ಲಾಲ್‌ಬಾಗನ್ನು ನಾವು ಥೀಮ್ ಪಾರ್ಕ್ ಅನ್ನುವುದಿಲ್ಲ. ಅದು ಸಸ್ಯತೋಟ, ಪರಂಪರೆ, ಬೆಂಗಳೂರಿನ ಶ್ವಾಸಕೋಶ. ಆದರೆ ಅದರ ಚರಿತ್ರೆಯನ್ನು ಸ್ವಲ್ಪ ಕೆದಕಿದರೆ ಕಾಣುವುದು ಬೇರೆ. 1760ರಲ್ಲಿ ಹೈದರಾಲಿ ಇದನ್ನು ಶುರು ಮಾಡಿದಾಗ ಅವನ ಕಣ್ಣಮುಂದೆ ಇದ್ದದ್ದು ಸಿರಾದ ಮೊಘಲ್ ಶೈಲಿಯ ತೋಟ. ಟಿಪ್ಪು ಸತ್ತ ಮರುವರ್ಷ, ಅಂದರೆ 1800ರಲ್ಲಿ, ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇದನ್ನು ಕಂಡು ಬರೆದಿದ್ದಾನೆ. ಚೌಕ ಚೌಕವಾದ ಪಾತಿಗಳು, ನಡುವೆ ದಾರಿ, ದಾರಿಯ ಪಕ್ಕ ಸೈಪ್ರೆಸ್ ಮರಗಳ ಸಾಲು. ಒಂದೊಂದು ಚೌಕಕ್ಕೂ ಒಂದೊಂದೇ ಬಗೆಯ ಗಿಡ: ಒಂದರಲ್ಲಿ ಗುಲಾಬಿ, ಇನ್ನೊಂದರಲ್ಲಿ ದಾಳಿಂಬೆ. ಒಂದು ಬೇಲಿಯೊಳಗೆ ಹಲವು ಲೋಕ, ಒಂದರಿಂದ ಇನ್ನೊಂದಕ್ಕೆ ನಡೆದು ಹೋಗಲು ದಾರಿ. ಡಿಸ್ನಿಯ ನಕ್ಷೆಯಲ್ಲಿ ಇರುವುದೂ ಹೆಚ್ಚುಕಡಿಮೆ ಇದೇ. ಆದರೆ ಹೈದರನ ತೋಟದಲ್ಲಿ ನಡೆಯಲು ನಮ್ಮಪ್ಪನಂಥವರಿಗೆ ಅವಕಾಶವಿರಲಿಲ್ಲ. ಅಂಥವರು ಅಲ್ಲಿ ಇದ್ದಿದ್ದರೆ ನೀರು ಹಾಯಿಸುವವರಾಗಿ, ಪಾತಿ ಕಟ್ಟುವವರಾಗಿ ಇರುತ್ತಿದ್ದರು.

1856ರಲ್ಲಿ ಅದು ಸರ್ಕಾರಿ ಸಸ್ಯತೋಟವಾಯಿತು. 1858ರಲ್ಲಿ ಲಂಡನ್ನಿನ ಕ್ಯೂ ತೋಟದಲ್ಲಿ ಪಳಗಿದ್ದ ವಿಲಿಯಂ ನ್ಯೂ ಬಂದ. ಅವನ ನಂತರ 1874ರಲ್ಲಿ ಜಾನ್ ಕ್ಯಾಮರಾನ್. ಇವರ ಕಾಲದ ಲಾಲ್‌ಬಾಗಿನಲ್ಲಿ ಗಿಡಗಳ ಜೊತೆ ಒಂದು ಪ್ರಾಣಿಸಂಗ್ರಹಾಲಯವೂ ಇತ್ತು ಎನ್ನುವುದು ಇಂದು ಅಲ್ಲಿ ಓಡಾಡುವ ಎಷ್ಟೋ ಮಂದಿಗೆ ತಿಳಿಯದು. ಪಂಜರದಲ್ಲಿ ಹುಲಿ, ಚಿರತೆ, ಕರಡಿ, ಕೋತಿಗಳಿದ್ದವು. ಸಂಜೆ ಬ್ಯಾಂಡ್‌ಸ್ಟ್ಯಾಂಡಿನಲ್ಲಿ ವಾದ್ಯ ನುಡಿಯುತ್ತಿತ್ತು. ಹುಲಿ ಮುಂದೆ ನಿಂತು ಹೆದರಿ, ನಡುವೆ ಸರಳುಗಳಿವೆಯಲ್ಲ ಎಂದು ಧೈರ್ಯ ತಂದುಕೊಳ್ಳುವ ಸುಖ, ರೋಲರ್ ಕೋಸ್ಟರಿನಲ್ಲಿ ಕೂತು ಪಟ್ಟಿ ಕಟ್ಟಿಕೊಂಡು ಕಿರುಚುವ ಸುಖ, ಇವೆರಡೂ ಒಂದೇ ಜಾತಿಯವು. ಅಪಾಯವನ್ನು ಅಪಾಯವಿಲ್ಲದೆ ಅನುಭವಿಸುವುದು. ಬೆಂಗಳೂರಿನ ಜನ ಬಿಡದಿಗೆ ಹೋಗುವ ನೂರು ವರ್ಷಕ್ಕೂ ಮುಂಚೆಯೇ ಆ ರುಚಿ ಕಂಡಿದ್ದರು.

ಗಾಜಿನ ಮನೆಯೂ ಅಷ್ಟೆ. ಅದಕ್ಕೆ 1889ರ ನವೆಂಬರ್ 30ರಂದು ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ. ಎರಕದ ಕಬ್ಬಿಣ ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಬಂತು. ಮಾದರಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್. ಆ ಅರಮನೆಯನ್ನು ಕಟ್ಟಿದ್ದು 1851ರ ಮಹಾಪ್ರದರ್ಶನಕ್ಕೆಂದು, ಅಂದರೆ ಜಗತ್ತನ್ನೆಲ್ಲ ಒಂದೇ ಸೂರಿನಡಿ ತಂದು ಚೀಟಿ ಹರಿದು ತೋರಿಸುವುದಕ್ಕೆ. ಮೂಲದ ಕಟ್ಟಡ 1936ರಲ್ಲಿ ಸುಟ್ಟು ಹೋಯಿತು. ಅದನ್ನು ನೋಡಿ ಕಟ್ಟಿದ್ದು ನಮ್ಮಲ್ಲಿ ಉಳಿದಿದೆ. ಸ್ನೋ ವೈಟ್ ಬರುವ ತೊಂಬತ್ತು ವರ್ಷ ಮೊದಲೇ ಲಾಲ್‌ಬಾಗು ಇನ್ನೊಂದು ದೇಶದ ಆಕರ್ಷಣೆಯನ್ನು ತಂದು ತನ್ನದಾಗಿಸಿಕೊಂಡಿತ್ತು.

* * *

ಆದರೆ ಅಪ್ಪ ನನಗೆ ತೋರಿಸಿದ್ದು ಗಾಜಿನ ಮನೆಯನ್ನಲ್ಲ. ಅದರ ಹತ್ತಿರ ಹೋದಾಗಲೂ ಅವನು ಕಟ್ಟಡವನ್ನು ಬಿಟ್ಟು ಬೇರೇನನ್ನೋ ತೋರಿಸುತ್ತಿದ್ದ. ಅವನದೇ ಒಂದು ಪಟ್ಟಿ ಇತ್ತು.

ಮೊದಲನೆಯದು ಪಾರಿವಾಳದ ಮನೆ. ಗೋಡೆಯ ತುಂಬ ಪುಟ್ಟ ಪುಟ್ಟ ಗೂಡುಗಳಿರುವ, ಮನುಷ್ಯರು ವಾಸಿಸಲಾಗದ ಒಂದು ಕಟ್ಟಡ. ‘ನೋಡು, ಹಕ್ಕಿಗೂ ವಠಾರ ಕಟ್ಟಿಸಿದ್ದಾರೆ’ ಎನ್ನುತ್ತಿದ್ದ. ನಾವಿದ್ದದ್ದೂ ಆಗ ಒಂದು ವಠಾರದಲ್ಲೇ. ಅದು ಹಳೆಯ ಪ್ರಾಣಿಸಂಗ್ರಹಾಲಯದ ಕಾಲದ್ದು ಎಂದು ನನಗೆ ತಿಳಿದದ್ದು ಓದಿನಿಂದ. ಹುಲಿಯ ಪಂಜರಗಳು ಹೋದವು. ಹುಲಿಯನ್ನು ನೋಡಲು ಜನ ಮೈಸೂರಿಗೂ ಬನ್ನೇರುಘಟ್ಟಕ್ಕೂ ಹೋಗತೊಡಗಿದರು. ಅಂದಿನ ದೊಡ್ಡ ಆಕರ್ಷಣೆಗಳು ಅಳಿದ ಮೇಲೂ ಉಳಿದದ್ದು, ಅಂದೂ ಯಾರೂ ಅಷ್ಟಾಗಿ ಗಮನಿಸಿರಲಾರದ ಈ ಹಕ್ಕಿಮನೆ.

ಎರಡನೆಯದು ಕಲ್ಲಾದ ಮರ. ತಮಿಳುನಾಡಿನ ತಿರುವಕ್ಕರೈಯಿಂದ ತಂದ, ಸುಮಾರು 2 ಕೋಟಿ ವರ್ಷ ಹಳೆಯದೆನ್ನುವ ಮರದ ಪಳೆಯುಳಿಕೆ. ನೋಡಿದರೆ ಕಡಿದು ಬಿಸಾಡಿದ ದಿಮ್ಮಿ, ಮುಟ್ಟಿದರೆ ಬಂಡೆ. ಅದನ್ನು ಕಂಡಾಗ ಅಪ್ಪ ತನ್ನ ಕಸುಬಿನ ಮಾತು ಆಡುತ್ತಿದ್ದ. ಮರ ಕಾಗದವಾಗುವುದು ಅವನಿಗೆ ಗೊತ್ತಿತ್ತು. ಕಲ್ಲಾಗುವುದು ಅವನಿಗೆ ಕೊನೆಯವರೆಗೂ ನಂಬಲಾಗದ ವಿಷಯ. ‘ಇದರಲ್ಲಿ ಪುಸ್ತಕ ಮಾಡಿದ್ರೆ ಹುಳ ಹಿಡಿಯಲ್ಲ’ ಎಂದು ನಗುತ್ತಿದ್ದ.

ಮೂರನೆಯದು ಬಂಡೆ. ಇದನ್ನು ಗುಟ್ಟಿನ ಜಾಗ ಎನ್ನಲಾಗದು, ಎಲ್ಲರೂ ಹತ್ತುತ್ತಾರೆ. ಆದರೆ ಹತ್ತುವವರಲ್ಲಿ ಹೆಚ್ಚಿನವರು ನೋಡುವುದು ಮೇಲಿನ ಕೆಂಪೇಗೌಡರ ಗೋಪುರವನ್ನು, ಕಾಲಡಿಯ ಕಲ್ಲನ್ನಲ್ಲ. ಭೂವಿಜ್ಞಾನಿಗಳು ‘ಪೆನಿನ್ಸುಲರ್ ನೈಸ್’ ಎಂದು ಕರೆಯುವ ಈ ಶಿಲೆ ಸುಮಾರು 300 ಕೋಟಿ ವರ್ಷ ಹಳೆಯದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಅಪ್ಪನ ಸುಖ ಇನ್ನೂ ಸರಳ. ಸಂಜೆ ಐದರ ಮೇಲೆ ಬಂಡೆ ಬಿಸಿಲನ್ನು ಹೊಟ್ಟೆಯಲ್ಲಿಟ್ಟುಕೊಂಡು ಬೆಚ್ಚಗಿರುತ್ತದೆ. ಚಪ್ಪಲಿ ಬಿಚ್ಚಿ ಅಂಗಾಲು ಊರಿ ಕೂರಬೇಕು. ಆರು ದಿನ ನಿಂತು ಕೆಲಸ ಮಾಡಿದ ಕಾಲಿಗೆ ಅದೇ ಕಾವು.

ಅಲ್ಲಿಂದ ಅವನು ಕೈ ಚಾಚಿ ತೋರಿಸುತ್ತಿದ್ದ: ‘ಅಗೋ, ಆ ಕಡೆ ನಮ್ಮನೆ.’ ಕತ್ರಿಗುಪ್ಪೆ ನೈಋತ್ಯಕ್ಕೆ. ಕಾಣುತ್ತಿದ್ದದ್ದು ನೀರಿನ ಟ್ಯಾಂಕುಗಳು, ತೆಂಗಿನ ತಲೆಗಳು, ಕಟ್ಟುತ್ತಿದ್ದ ಮಹಡಿಗಳು ಮಾತ್ರ. ಲಾಲ್‌ಬಾಗಿನ ಬಂಡೆ, ಕೆಂಪಾಂಬುಧಿ ಕೆರೆಯ ದಡ, ಹಲಸೂರು, ಮೇಖ್ರಿ ಸರ್ಕಲ್ಲಿನ ಹತ್ತಿರ ಹೀಗೆ ನಾಲ್ಕು ಕಡೆ ಇರುವ ಗೋಪುರಗಳು ಊರಿನ ಎಲ್ಲೆ ಎಂಬುದು ಜನರ ಮಾತು. ಆ ಲೆಕ್ಕಕ್ಕೆ ಕತ್ರಿಗುಪ್ಪೆ ಊರಾಚೆಯ ಹಳ್ಳಿ. ಬನಶಂಕರಿ ಬಡಾವಣೆ ಬಂದು ಅದನ್ನು ಒಳಗೆ ಸೇರಿಸಿಕೊಂಡಿತು. ಎಲ್ಲೆಯ ಮೇಲೆ ನಿಂತು ಎಲ್ಲೆಯಾಚೆಯ ಮನೆಯನ್ನು ಹುಡುಕುವುದು ನಮ್ಮಿಬ್ಬರ ಆಟವಾಗಿತ್ತು. ಸಿಕ್ಕದ್ದು ಒಮ್ಮೆಯೂ ಇಲ್ಲ.

ನಾಲ್ಕನೆಯದು ಪಟ್ಟಿಯಲ್ಲಿ ಇದ್ದದ್ದಲ್ಲ, ನಾನು ಸೇರಿಸಿದ್ದು. ಮನೆಗೆ ಹೋಗುವಾಗ ಗಾಡಿಯಲ್ಲಿ ಸೀಮೆಬದನೆಕಾಯಿ ಕಂಡರೆ ಅಮ್ಮನಿಗೆಂದು ಅಪ್ಪ ಕೊಳ್ಳುತ್ತಿದ್ದ. ಆ ತರಕಾರಿಯನ್ನು ಬೆಂಗಳೂರಿಗೆ ತಂದು ಲಾಲ್‌ಬಾಗಿನಲ್ಲಿ ಬೆಳೆಸಿದ್ದು ಕ್ಯಾಮರಾನ್. ಇಲ್ಲಿಂದ ಅದು ಹರಡಿದ್ದರಿಂದಲೇ ತಮಿಳರಿಗೂ ತೆಲುಗರಿಗೂ ಅದು ‘ಬೆಂಗಳೂರು ಬದನೆ’. ನಮಗೆ ಮಾತ್ರ ಅದು ಇಂದಿಗೂ ಸೀಮೆಯದು. ಕೂಟು, ಪಲ್ಯ, ಸಾಗು ಎಂದು ವಾರಕ್ಕೊಮ್ಮೆ ಉಣ್ಣುವ ನಮಗೆ ಲಾಲ್‌ಬಾಗಿನಿಂದ ಮನೆಗೆ ಬರುವ ವಸ್ತು ಇದೇ ಎಂಬುದು ತಟ್ಟೆಯ ಮುಂದೆ ಕೂತಾಗ ನೆನಪಾಗುವುದಿಲ್ಲ.

ಇಷ್ಟರ ನಡುವೆ ಕಡಲೆಕಾಯಿ ಇದ್ದೇ ಇರುತ್ತಿತ್ತು. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಪರಿಷೆ ಮುಗಿದ ಮೇಲೂ ಕೆಲವು ವಾರ ನಮ್ಮ ಕಡೆ ಕಡಲೆಕಾಯಿಗೆ ಬರವಿಲ್ಲ. ಅಪ್ಪ ಪ್ರೆಸ್ಸಿನಿಂದ ತಂದ ರದ್ದಿ ಹಾಳೆಯಲ್ಲಿ ಪೊಟ್ಟಣ ಕಟ್ಟುತ್ತಿದ್ದ. ಬೈಂಡರನ ಕೈಯ ಪೊಟ್ಟಣ ಎಂದೂ ಬಿಚ್ಚಿಕೊಂಡದ್ದಿಲ್ಲ. ಬೆಂಚಿನ ಮೇಲೆ ಕಡಲೆಕಾಯಿ ಸುಲಿಯುತ್ತ ಮಗ ಓಡಾಡುವುದನ್ನು ನೋಡುವ ಅಪ್ಪಂದಿರಲ್ಲಿ ಒಬ್ಬ ಡಿಸ್ನಿಲ್ಯಾಂಡ್ ಕಟ್ಟಿದ. ಉಳಿದವರು ಸಿಪ್ಪೆಯನ್ನು ಪೊಟ್ಟಣದಲ್ಲೇ ತುಂಬಿ ಮನೆಗೆ ಹೊರಟರು.

* * *

ಲಾಲ್‌ಬಾಗಿನಿಂದ ಬಿಡದಿಗೆ ಹೋಗುವ ದಾರಿಯಲ್ಲಿ ಇನ್ನೊಬ್ಬನನ್ನು ನೆನೆಯಬೇಕು. ಜರ್ಮನಿಯಲ್ಲಿ ಹುಟ್ಟಿ, ಕ್ಯೂ ತೋಟದಲ್ಲಿ ದುಡಿದು, ಬರೋಡಾದ ಮೂಲಕ ಮೈಸೂರು ಸಂಸ್ಥಾನಕ್ಕೆ ಬಂದು 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜಿ.ಎಚ್. ಕ್ರುಂಬಿಗಲ್. ಒಂದು ಮರದ ಹೂವು ಉದುರುವ ಹೊತ್ತಿಗೆ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರ ಆರಿಸಿದವನು. ದುಡ್ಡಿಲ್ಲದೆ ಸಿಗುವ ಇಷ್ಟು ದೊಡ್ಡ ಪ್ರದರ್ಶನವನ್ನು ಇನ್ನಾರೂ ಈ ಊರಿಗೆ ಕೊಟ್ಟಿಲ್ಲ. ಎರಡು ಮಹಾಯುದ್ಧಗಳಲ್ಲೂ ಜರ್ಮನ್ ಎಂಬ ಕಾರಣಕ್ಕೆ ಬ್ರಿಟಿಷರು ಅವನನ್ನು ಬಂಧನದಲ್ಲಿಟ್ಟರು. ಆದರೂ ಅವನು ಇಲ್ಲೇ ಉಳಿದು, 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡ.

ಕೃಷ್ಣರಾಜಸಾಗರದ ಅಣೆಕಟ್ಟಿನ ಕೆಳಗೆ ದಿವಾನ್ ಮಿರ್ಜಾ ಇಸ್ಮಾಯಿಲ್ ಕಟ್ಟಿಸಿದ ಬೃಂದಾವನದ ವಿನ್ಯಾಸದಲ್ಲೂ ಕ್ರುಂಬಿಗಲ್ ಹೆಸರಿದೆ. ಕಾಶ್ಮೀರದ ಶಾಲಿಮಾರ್ ತೋಟದ ಮಾದರಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನೀರು, ಕತ್ತಲಾದ ಮೇಲೆ ಬಣ್ಣದ ದೀಪ. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿತು, 1905ರಲ್ಲಿ ಬೆಂಗಳೂರಿನ ಬೀದಿದೀಪ ಬೆಳಗಿತು. ಅಲ್ಲಿಗೆ ದೀಪವೆಂದರೆ ದಾರಿ ಕಾಣಿಸುವ ವಸ್ತು. ಬೃಂದಾವನದಲ್ಲಿ ಅದೇ ವಿದ್ಯುತ್ತು ಸುಮ್ಮನೆ ನೋಡುವುದಕ್ಕೆ ಬೆಳಗಿತು. ದೀಪವನ್ನೇ ನೋಡಲು ಜನ ಊರಿಂದೂರಿಗೆ ಹೋಗತೊಡಗಿದ್ದು ನಮ್ಮ ಮನರಂಜನೆಯ ಚರಿತ್ರೆಯಲ್ಲಿ ಒಂದು ತಿರುವು. ಕಾರಂಜಿ ಕುಣಿದಾಗ ‘ಓ’ ಎನ್ನುವ ಜನಜಂಗುಳಿ ಅಲ್ಲಿಂದಲೇ ಬಿಡದಿಯ ಸಂಜೆಗಳಿಗೆ ಬಂದಿದೆ. ಎರಡೂ ಇರುವುದು ಒಂದೇ ಮೈಸೂರು ದಿಕ್ಕಿನಲ್ಲಿ.

* * *

ವಂಡರ್‌ಲಾಕ್ಕೆ ನಾನು ಮೊದಲ ಸಲ ಹೋದದ್ದು ಕಳೆದ ವರ್ಷ, ಫೆಲೋಶಿಪ್ಪಿನ ದುಡ್ಡಿನಲ್ಲಿ, ಅಕ್ಕನ ಏಳು ವರ್ಷದ ಮಗಳನ್ನು ಕರೆದುಕೊಂಡು. ಕೇರಳದ ಉದ್ಯಮಿ ಕೊಚೌಸೇಫ್ ಚಿಟ್ಟಿಲಪಿಳ್ಳಿ ಅವರು 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ತೆರೆದು, 2005ರಲ್ಲಿ ಬಿಡದಿಗೆ ಬಂದದ್ದು, ಆಮೇಲೆ ಹೈದರಾಬಾದಿಗೂ ಭುವನೇಶ್ವರಕ್ಕೂ ಹೋದದ್ದು, ಎಲ್ಲವೂ ನನ್ನ ಟಿಪ್ಪಣಿ ಪುಸ್ತಕದಲ್ಲಿ ಇತ್ತು. ಹತ್ತೊಂಬತ್ತು ವರ್ಷ ಕಾದು ಕೂತಿದ್ದ ಹುಡುಗನೂ ಒಳಗೆ ಇದ್ದ.

ಗೇಟಿನೊಳಗೆ ಹೋದರೆ ದೊಡ್ಡ ಆಟಗಳ ಮುಂದೆಲ್ಲ ಎತ್ತರದ ಗುರುತು. ಪುಟ್ಟಿ ಅದರ ಕೆಳಗೆ ನಿಂತು ಹಿಮ್ಮಡಿ ಎತ್ತಿದಳು. ಆದರೂ ಸಾಲಲಿಲ್ಲ. ಇನ್ನೊಂದರ ಮುಂದೆ ಹೋದಳು. ಅಲ್ಲಿಯೂ ಇಲ್ಲ. ಮೇಲೆ ರೋಲರ್ ಕೋಸ್ಟರಿನಲ್ಲಿ ಜನ ತಲೆಕೆಳಗಾಗಿ ಕೂಗುತ್ತಿದ್ದರು. ಅವಳ ಮುಖ ಊದಿತು. ಆ ಮುಖವನ್ನು ನಾನು ಎಲ್ಲೋ ನೋಡಿದ್ದೆ.

ನಾನು ಸಮಾಧಾನ ಮಾಡಲು ಹೋಗಲಿಲ್ಲ. ‘ಬಾ’ ಎಂದೆ, ಅಷ್ಟೆ. ಆ ದಿನ ನಾವಿಬ್ಬರೂ ಯಾರೂ ಓಡಿ ಹೋಗದ ಜಾಗಗಳಿಗೆ ಹೋದೆವು. ಲೇಜಿ ರಿವರ್ ಎಂಬ ಕಾಲುವೆಯಿದೆ. ಟ್ಯೂಬಿನ ಮೇಲೆ ಕೂತರೆ ನೀರೇ ನಿಧಾನಕ್ಕೆ ಸುತ್ತು ಹಾಕಿಸುತ್ತದೆ. ಏನೂ ಆಗುವುದಿಲ್ಲ. ಏನೂ ಆಗದಿರುವುದೇ ಅದರ ಸುಖ. ಆಕಾಶ, ಮರದ ಕೊಂಬೆ, ದೂರದ ಕಿರುಚಾಟ, ಮತ್ತೆ ಆಕಾಶ. ಪುಟ್ಟಿ ‘ಇನ್ನೊಂದ್ಸಲ ಮಾಮ’ ಎಂದು ನಾಲ್ಕು ಸುತ್ತು ಹಾಕಿಸಿದಳು. ಆಮೇಲೆ ರೇನ್ ಡಿಸ್ಕೊ. ಮಂದ ಬೆಳಕಿನ ಹಾಲಿನಲ್ಲಿ ಹಾಡು, ಮೇಲಿಂದ ಬೆಚ್ಚನೆಯ ಮಳೆ. ತಣ್ಣೀರಿನ ಕೊಳಗಳಲ್ಲಿ ನೆನೆದು ಹಲ್ಲು ಕಟಕಟಿಸುತ್ತಿದ್ದವರಿಗೆ ಅದು ಅಜ್ಜಿಮನೆಯ ಹಂಡೆ ನೀರು. ಯಾರೂ ಯಾರ ಕುಣಿತವನ್ನೂ ನೋಡುತ್ತಿರಲಿಲ್ಲ. ನನ್ನ ಪಕ್ಕದಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಕಣ್ಣು ಮುಚ್ಚಿಕೊಂಡು ಮಳೆಗೆ ಮುಖವೊಡ್ಡಿ ಸುಮ್ಮನೆ ನಿಂತಿದ್ದರು. ಅವರು ಕುಣಿಯಲೂ ಇಲ್ಲ, ಬೇಗ ಹೊರಗೆ ಬರಲೂ ಇಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಪುಟ್ಟಿ ನನ್ನ ತೊಡೆಯ ಮೇಲೆ ನಿದ್ದೆ ಹೋದಳು. ನಾನು ಲೆಕ್ಕ ಹಾಕುತ್ತಿದ್ದೆ. ಹಣ ಕೊಟ್ಟು ಹೋಗುವ ಪಾರ್ಕು ಕೆಟ್ಟದ್ದು, ಹಳೆಯ ತೋಟ ಒಳ್ಳೆಯದು ಎಂದು ಬರೆದುಬಿಡುವುದು ಸುಲಭ. ಅದು ನಿಜವಲ್ಲ. ಲಾಲ್‌ಬಾಗಿಗೂ ಈಗ ಚೀಟಿ ಇದೆ. ಇಲ್ಲದಿರುವುದು ಬೆಳಗಿನ ವಾಯುವಿಹಾರಕ್ಕೆ ಬರುವವರಿಗೆ. ದೊರೆಗಳ ಕಾಲದಲ್ಲಿ ಚೀಟಿ ಇರಲಿಲ್ಲ, ಪ್ರವೇಶವೂ ಇರಲಿಲ್ಲ. ಬಿಡದಿಯಲ್ಲಿ ಕಂಡ ಸುಖವೂ ಸುಳ್ಳಲ್ಲ. ನನಗೆ ಕಂಡ ವ್ಯತ್ಯಾಸ ಬೇರೆ. ಎಲ್ಲಿ ಹೋದರೂ ದೊಡ್ಡ ಆಕರ್ಷಣೆಗಳಿಗೆ ಒಂದು ಅಳತೆಗೋಲು ಇರುತ್ತದೆ: ಎತ್ತರ, ವಯಸ್ಸು, ದುಡ್ಡು, ಧೈರ್ಯ. ಚಿಕ್ಕ ಸುಖಗಳಿಗೆ ಆ ಕೋಲು ಇರುವುದಿಲ್ಲ. ಅದಕ್ಕೇ ಅವಕ್ಕೆ ಫಲಕವೂ ಇಲ್ಲ, ಚರಿತ್ರೆಯೂ ಇಲ್ಲ. ಕ್ಯಾಮರಾನ್ ತೋಟದ ಗಿಡಗಳ ಕ್ಯಾಟಲಾಗು ಅಚ್ಚು ಹಾಕಿಸಿದ. ಬಂಡೆಯ ಕಾವಿಗೆ ಅಂಗಾಲೊಡ್ಡಿ ಕೂತವರ ಕ್ಯಾಟಲಾಗು ಯಾರ ಕೆಲಸ?

* * *

ಈ ಪ್ರಶ್ನೆ ಬರೀ ಪ್ರಬಂಧದ್ದಲ್ಲ. 2025ರಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆ ಎಂಬ ಯೋಜನೆಗೆ ಲಾಲ್‌ಬಾಗಿನ ಅಂಚಿನ ಜಾಗ ಬೇಕೆಂಬ ಮಾತು ಬಂದಾಗ ಊರಿನ ಜನ ಬೀದಿಗಿಳಿದರು. ವಾದಕ್ಕೆ ಬಂದದ್ದು ಬಂಡೆಯ ವಯಸ್ಸು, ಮರಗಳು, ಅಂತರ್ಜಲ. ಬರಬೇಕಾದದ್ದೇ. ಆದರೆ ಅಪ್ಪನ ಪಟ್ಟಿಯಲ್ಲಿದ್ದ ಯಾವುದನ್ನೂ ಯಾವ ಮನವಿಯಲ್ಲೂ ಬರೆಯಲು ಬರುವುದಿಲ್ಲ. ಒಂದು ಮರ ಹೋದರೆ ಅದಕ್ಕೆ ಸಂಖ್ಯೆ ಇದೆ, ಬದಲಿಗೆ ಹತ್ತು ನೆಡುತ್ತೇವೆ ಎನ್ನಬಹುದು. ಒಬ್ಬ ಬೈಂಡರ್ ತನ್ನ ಮಗನಿಗೆ ಮನೆ ತೋರಿಸಲು ನಿಲ್ಲುತ್ತಿದ್ದ ಜಾಗ ಹೋದರೆ ಏನು ಹೋಯಿತೆಂದು ಹೇಳಲು ದಾಖಲೆಯೇ ಇಲ್ಲ. ಇಂಥ ಜಾಗಗಳನ್ನು ಕಳೆದುಕೊಳ್ಳುವುದು ಸುಲಭ, ಕಳೆದದ್ದು ಗೊತ್ತಾಗದಿರುವುದು ಇನ್ನೂ ಸುಲಭ.

ಬಿಡದಿಯಿಂದ ಬಂದ ಮುಂದಿನ ವಾರ ಅಪ್ಪ, ಪುಟ್ಟಿ, ನಾನು ಮೂವರೂ ಲಾಲ್‌ಬಾಗಿಗೆ ಹೋದೆವು. ಅಪ್ಪ ಈಗ ಕೆಲಸಕ್ಕೆ ಹೋಗುವುದಿಲ್ಲ. ಮಂಡಿನೋವಿನಿಂದ ಬಂಡೆ ಹತ್ತುವುದೂ ಇಲ್ಲ. ಆಟೊದಲ್ಲಿ ನೇರವಾಗಿ ದೊಡ್ಡ ಗೇಟಿಗೇ ಹೋಗಿ ಗಡಿಯಾರದ ಮುಂದೆ ನಿಂತೆವು. ಎಚ್‌ಎಂಟಿಯ ಕೈಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ತೀರ್ಮಾನಿಸಿತು. ದೇಶಕ್ಕೆ ಸಮಯ ಹೇಳುತ್ತಿದ್ದ ಕಾರ್ಖಾನೆ ಹೋಗಿ, ಅದು ಕೊಟ್ಟ ಗಡಿಯಾರ ಹೂವಿನ ನಡುವೆ ಉಳಿದಿದೆ. ಹುಲಿಗಳು ಹೋಗಿ ಪಾರಿವಾಳದ ಮನೆ ಉಳಿದ ಹಾಗೆ.

‘ಪುಟ್ಟಿ, ಎಣಿಸು’ ಅಂದ ಅಪ್ಪ.

ಅವಳು ಎಣಿಸಲಿಲ್ಲ. ‘ತಾತ, ಇದು ಸ್ನೋ ವೈಟ್! ಸೆವೆನ್ ಡ್ವಾರ್ಫ್ಸ್!’ ಎಂದು ಒಬ್ಬೊಬ್ಬರ ಹೆಸರನ್ನೂ ಹೇಳತೊಡಗಿದಳು. ಡಾಕ್, ಗ್ರಂಪಿ, ಸ್ಲೀಪಿ... ಎಲ್ಲವೂ ಅವಳ ಬಾಯಲ್ಲೇ ಇತ್ತು. ನಾನು ಅಪ್ಪನ ಮುಖ ನೋಡಿದೆ. ಅವನಿಗೆ ಪೆಚ್ಚೆನ್ನಿಸೀತು ಎಂದು ಹೆದರಿದ್ದೆ.

‘ಹೌದೇನೇ?’ ಅಂದ ಅಪ್ಪ. ‘ನನಗೆ ಗೊತ್ತಿತ್ತು ಕಣಮ್ಮ. ಪ್ರೆಸ್ಸಲ್ಲಿ ಆ ಕತೆ ಪುಸ್ತಕ ನಾನೇ ಎಷ್ಟೋ ಸಲ ಹೊಲಿದಿದ್ದೀನಿ. ಆವತ್ತು ನಿಮ್ಮ ಮಾಮ ತುಂಬಾ ಮುಖ ಊದಿಸ್ಕೊಂಡಿದ್ದ. ಅವನಿಗೆ ಯಾವ ಪಾರ್ಕಲ್ಲೂ ಸಿಗದೇ ಇರೋದು ಏನಾದ್ರೂ ತೋರಿಸ್ಬೇಕಿತ್ತು.’

ಪುಟ್ಟಿಗೆ ಇದು ಅರ್ಥವಾಗಲಿಲ್ಲ. ಅವಳು ಕುಳ್ಳರ ಲೆಕ್ಕ ಮುಗಿಸಿ ಬಂಡೆ ಹತ್ತಲು ಅವಸರ ಮಾಡುತ್ತಿದ್ದಳು. ಅಪ್ಪ ಕೆಳಗೆ ಬೆಂಚಿನ ಮೇಲೆ ಕೂತು ಪೊಟ್ಟಣ ಬಿಚ್ಚಿದ. ನಾವು ಮೇಲೆ ಹತ್ತಿದೆವು. ನೈಋತ್ಯಕ್ಕೆ ತಿರುಗಿ ನಿಂತರೆ ಈಗ ತೆಂಗಿನ ತಲೆಗಳಿಗಿಂತ ಅಪಾರ್ಟ್‌ಮೆಂಟುಗಳೇ ಹೆಚ್ಚು. ಪುಟ್ಟಿ ಚಪ್ಪಲಿ ಬಿಚ್ಚಿ, ಕಲ್ಲು ಬೆಚ್ಚಗಿದೆಯೆಂದು ಕುಣಿದಳು.

ಕೆಳಗಿಳಿದಾಗ ಅಪ್ಪ ಕೇಳಿದ್ದು ಒಂದೇ: ‘ಮನೆ ಕಾಣಿಸ್ತೇನೇ?’

‘ಕಾಣಿಸ್ತು ತಾತ’ ಅಂದಳು ಪುಟ್ಟಿ.

ನಾನು ಸುಮ್ಮನಿದ್ದೆ.